ಬಲಕ್ಕೆ ಬಿದ್ದ ಹೂವು

ಮಗಳಿಗೆ ಬಂದ ಸಂಬಂಧ ಒಪ್ಪಬೇಕೋ ಬೇಡವೋ ಎಂದು ದೇವರ ಹೂ ಕೇಳಲು, ಅವಳನ್ನೂ ಕರೆದುಕೊಂಡು ಬಿಳಿಚೋಡಿನಿಂದ ಹೊನ್ನಾಳಿ ಕಡೆಯ ಗುಡಿಯೊಂದಕ್ಕೆ ಹೋಗಿದ್ದೆ. ದೇವರ ಮೇಲಿನ ಹೂ ಬಲಕ್ಕೆ ಬಿದ್ದರೆ ಒಪ್ಪಿಗೆ. ಬಲಕ್ಕೇ ಬಿತ್ತು. ಆದರೂ ನಾನು ಪೂಜಾರಿಯವರ ಕಡೆ ತಿರುಗಿದೆ.

"ಸ್ವಾಮೀ, ಇನ್ನೊಂದು ಸಲ ಕೇಳಾಕೆ ಬರ್ತೈತೇನ್ರಿ?"

ಪೂಜಾರಿ ನಕ್ಕರು. "ಬಲಕ್ಕೆ ಬಿದ್ರೂ ಮತ್ತೆ ಕೇಳೋರನ್ನ ಇವತ್ತೇ ನೋಡಿದ್ದು, ಯಜಮಾನ್ರೇ. ಒಳಗೆ ಯಾರೋ ಬ್ಯಾಡ ಅಂತಾರಲ್ಲ, ಯಾರದು?"

"ನನ್ನ ಮನಸ್ಸು."

"ಅಲ್ಲಿ ದೇವರಿಲ್ಲೇನು?"

ಮಗಳು ಮೆಲ್ಲಗೆ ಅಂದಳು: "ಅಪ್ಪಾ, ಹುಡುಗನ್ನ ನೋಡಿದಾಗ್ಲೇ ನನಗೆ ಬ್ಯಾಡ ಅನ್ಸಿತ್ತು. ನೀನು ಹೂವನ್ನ ಕೇಳಾಕೆ ಹೊಂಟೆ."

ಪೂಜಾರಿ ಆ ಹೂವನ್ನು ಅವಳ ಕೈಗೇ ಕೊಟ್ಟರು. ಮುಡಿದುಕೊಂಡಳು.

ಊರಿಗೆ ಬಂದಾಗ ಮನೆಯವಳು ಬಾಗಿಲಲ್ಲೇ, "ದೇವರು ಏನಂದ?" ಎಂದು ಕೇಳಿದಳು.

"ನಿನ್ನ ಮಗಳಿಗೆ ಹೇಳ್ಯಾನೆ, ಅವಳನ್ನೇ ಕೇಳು" ಅಂದೆ.