ತೆಗೆದೇ ನೋಡದ ಸಾಫ್ಟ್‌ವೇರ್

ಹಗರಿಬೊಮ್ಮನಹಳ್ಳಿ ಕಡೆಯ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ನಾನು ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ಲ್ಯಾಬಿಗೆ ಹೊಸ ಕಂಪ್ಯೂಟರುಗಳು ಬಂದಾಗ, ಸರ್ಕ್ಯೂಟ್ ಚಿತ್ರ ಬಿಡಿಸಲು ಯಾವ ಸಾಫ್ಟ್‌ವೇರ್ ಹಾಕಿಸಬೇಕೆಂದು ಆರಿಸುವ ಕೆಲಸವನ್ನು ಪ್ರಿನ್ಸಿಪಾಲರು ನನಗೆ ವಹಿಸಿದರು.

ಲ್ಯಾಬ್ ನೋಡಿಕೊಳ್ಳುತ್ತಿದ್ದ ಮೇಡಂ ಕೊಟ್ಟೂರಿನಿಂದ ದಿನಾ ಬಸ್ಸಿಗೆ ಬರುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಹುದ್ದೆಯಲ್ಲಿ ಕೆಳಗಿನವರು. ಪುಕ್ಕಟೆ ಸಿಗುವ ಒಂದು ಸಾಫ್ಟ್‌ವೇರನ್ನು ಮಗಳ ಲ್ಯಾಪ್‌ಟಾಪಿಗೆ ಹಾಕಿಕೊಂಡು, ಬೇಸಿಗೆ ರಜೆಯೆಲ್ಲ ಕೂತು, ನಮ್ಮ ಲ್ಯಾಬಿನ ಅಷ್ಟೂ ಸರ್ಕ್ಯೂಟುಗಳನ್ನು ಅದರಲ್ಲಿ ಬಿಡಿಸಿದ್ದರು. ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ಹಾಕಿ ತಂದುಕೊಟ್ಟರು.

"ಒಮ್ಮಿ ತೆಗದು ನೋಡ್ರಿ ಸರ್. ಹುಡುಗ್ರು ಮನ್ಯಾಗೂ ಹಾಕ್ಕೊಂಡು ಕಲೀಬಹುದು," ಅಂದರು.

ಹದಿನೈದು ದಿನ ಅದು ನನ್ನ ಬ್ಯಾಗಿನಲ್ಲೇ ಇತ್ತು. ನಾನು ಓದುವಾಗಿನಿಂದ ಬಳಸಿದ್ದು ಒಂದೇ ಸಾಫ್ಟ್‌ವೇರ್, ದುಬಾರಿಯದು. ಬೇರೆಯದು ಬಂದರೆ ಹುಡುಗರ ಎದುರಿಗೆ ಮೇಡಂ ಪಕ್ಕದಲ್ಲಿ ಕೂತು ಕಲಿಯಬೇಕಾಗುತ್ತದೆ ಎಂಬುದೇ ನನ್ನನ್ನು ತಡೆದದ್ದು. ಆಗ ಅದನ್ನು ನನಗೆ ನಾನೇ ಒಪ್ಪಿಕೊಂಡಿರಲಿಲ್ಲ.

ಸಿಬ್ಬಂದಿಯೆಲ್ಲ ಸೇರಿದ್ದ ಮೀಟಿಂಗಿನಲ್ಲಿ ಪ್ರಿನ್ಸಿಪಾಲರು ಕೇಳಿದಾಗ, ಎರಡನ್ನೂ ಪರೀಕ್ಷಿಸಿದ್ದೇನೆ, ಪುಕ್ಕಟೆಯದರಲ್ಲಿ ಟ್ರಾನ್ಸಿಸ್ಟರಿನ ಚಿಹ್ನೆಗಳೂ ಸರಿಯಾಗಿಲ್ಲ ಎಂದುಬಿಟ್ಟೆ. ಮಾತು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಅಚ್ಚರಿ. ಮೇಡಂ ತಲೆಯೆತ್ತಿ ನನ್ನನ್ನೊಮ್ಮೆ ನೋಡಿದರು. ಸದ್ಯಕ್ಕೆ ದುಬಾರಿಯದರ, ಕೆಲವು ತಿಂಗಳು ಮಾತ್ರ ಪುಕ್ಕಟೆ ನಡೆಯುವ ಪ್ರಾಯೋಗಿಕ ಆವೃತ್ತಿ ಹಾಕೋಣ, ಆಮೇಲೆ ಕೊಂಡರಾಯಿತು ಎಂದು ತೀರ್ಮಾನವಾಯಿತು. ಆಮೇಲೆ ಯಾರೂ ಕೊಳ್ಳಲಿಲ್ಲ. ನಾನೂ ನೆನಪಿಸಲಿಲ್ಲ.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ಬೆಳಿಗ್ಗೆ ನೋಡಿದರೆ ಆ ಪ್ರಾಯೋಗಿಕ ಆವೃತ್ತಿಯ ಅವಧಿ ಮುಗಿದಿತ್ತು. ಯಾವ ಕಂಪ್ಯೂಟರಿನಲ್ಲೂ ಚಿತ್ರ ಉಳಿಸಲು ಬರುತ್ತಿಲ್ಲ, ಪ್ರಿಂಟ್ ಆಗುತ್ತಿಲ್ಲ. ಹೊರಗಿನಿಂದ ಬಂದ ಪರೀಕ್ಷಕರು ಚಹಾ ಕುಡಿಯುತ್ತಿದ್ದರು. ಹುಡುಗರು ವರಾಂಡದಲ್ಲಿ ನಿಂತಿದ್ದರು. ಮೇಡಂ ನನ್ನನ್ನು ಏನೂ ಕೇಳದೆ ಒಂದೊಂದೇ ಕಂಪ್ಯೂಟರಿಗೆ ತಮ್ಮ ಸಾಫ್ಟ್‌ವೇರ್ ಹಾಕುತ್ತ ಹೋದರು. ಅರ್ಧಕ್ಕರ್ಧ ಹುಡುಗರಿಗೆ ಅದು ಆಗಲೇ ಗೊತ್ತಿತ್ತು. ಮೇಡಂ ಅವರೇ ಮೊದಲೇ ಹೇಳಿಕೊಟ್ಟಿದ್ದರಂತೆ. ಉಳಿದವರಿಗೆ ಪರೀಕ್ಷಕರ ಅನುಮತಿ ಪಡೆದು ಕಾಗದದ ಮೇಲೆ ಬಿಡಿಸಲು ಕೊಟ್ಟೆವು. ಪರೀಕ್ಷೆ ಒಂದು ತಾಸು ತಡವಾದರೂ ನಡೆಯಿತು.

ಸಂಜೆ ಪ್ರಿನ್ಸಿಪಾಲರು, ಎರಡನೆಯದನ್ನೂ ತಯಾರಿಟ್ಟುಕೊಂಡಿದ್ದು ಒಳ್ಳೆಯ ಮುಂದಾಲೋಚನೆ ಎಂದು ನನ್ನ ಬೆನ್ನು ತಟ್ಟಿದರು. ಮೇಡಂ ಅಲ್ಲೇ ಕುರ್ಚಿಗಳನ್ನು ಜೋಡಿಸುತ್ತಿದ್ದರು. ನಾನು ತಲೆಯಾಡಿಸಿದೆ. ಸುಳ್ಳು ಹೇಳಿದ್ದಕ್ಕಿಂತ ಹಾಗೆ ತಲೆಯಾಡಿಸಿದ್ದು ಇವತ್ತಿಗೂ ನನ್ನನ್ನು ಹೆಚ್ಚು ಚುಚ್ಚುತ್ತದೆ.

ಎರಡು ದಿನ ಬಿಟ್ಟು ಲ್ಯಾಬಿಗೆ ಹೋಗಿ, ಅವರು ಕೊಟ್ಟ ಪೆನ್‌ಡ್ರೈವನ್ನು ನಾನು ತೆಗೆದೇ ನೋಡಿರಲಿಲ್ಲ ಎಂದು ಮೇಡಂಗೆ ಹೇಳಿದೆ.

"ಗೊತ್ತೈತ್ರಿ ಸರ್. ತೆಗದು ನೋಡಿದ್ರ ಚಿಹ್ನಿ ಸರಿ ಇಲ್ಲ ಅಂತಿರ್ಲಿಲ್ಲ ನೀವು," ಅಂದರು. ಮೌಸಿನ ವೈರು ಸುತ್ತಿಡುತ್ತ, "ನನಗ ಹೇಳಿದ್ರ ಏನಾತು? ಅವತ್ತು ಮೀಟಿಂಗಿನ್ಯಾಗ ಎಲ್ಲಾರೂ ಇದ್ರು," ಅಂದರು.

ಪ್ರಿನ್ಸಿಪಾಲರ ಕೋಣೆಗೆ ಹೋಗಿ ನಿಜ ಹೇಳಿದೆ. ಅವರು ನಕ್ಕು, ಕೆಲಸ ಆಯಿತಲ್ಲ ಬಿಡಿ ಎಂದು ಬೇರೆ ಕಡತ ತೆಗೆದರು. ಮೀಟಿಂಗಿನಲ್ಲಿದ್ದ ಉಳಿದವರಿಗೆ ಹೇಳಲು ನನಗೆ ಧೈರ್ಯ ಬರಲಿಲ್ಲ. ಮರುವರ್ಷ ಮೇಡಂಗೆ ಹರಪನಹಳ್ಳಿ ಕಡೆಗೆ ವರ್ಗವಾಯಿತು. ಬೀಳ್ಕೊಡುಗೆಯಲ್ಲಿ ನಾನು ಮಾತಾಡಿದೆ, ಅವರ ಶ್ರದ್ಧೆಯನ್ನು ಹೊಗಳಿದೆ. ಹೇಳಬೇಕಾದ ಆ ಒಂದು ಮಾತನ್ನು ಮಾತ್ರ ಆಗಲೂ ಹೇಳಲಿಲ್ಲ.