ಗಿಡ್ಡ ಬಾಲದ ಚಿಟ್ಟೆ

ತೆಂಗಿನ ಗರಿ ತಿಂದು ಬೆಳೆಯುವ ಕಂದು ಚಿಟ್ಟೆಗಳ ಮೇಲೆ ನಾನು ಪಿಎಚ್.ಡಿ. ಮಾಡಿದ್ದು. ಅವುಗಳಲ್ಲಿ ಎರಡು ಜಾತಿ. ಒಂದರ ಹಿಂದಿನ ರೆಕ್ಕೆಗೆ ಪುಟ್ಟ ಬಾಲವಿದೆ, ಇನ್ನೊಂದಕ್ಕಿಲ್ಲ. ಒಂದೇ ಮೂಲದಿಂದ ಇವು ಯಾವಾಗ ಕವಲೊಡೆದವು, ಬೇರೆಯಾದ ಮೇಲೂ ಪರಸ್ಪರ ಕೂಡುತ್ತಿವೆಯೇ ಎಂಬುದನ್ನು ಡಿಎನ್‌ಎ ಓದಿ ತಿಳಿಯಬೇಕಿತ್ತು. ಅದಕ್ಕಾಗಿ ತುರುವೇಕೆರೆಯಲ್ಲಿ ರೂಮು ಮಾಡಿಕೊಂಡು ಎರಡು ವರ್ಷ ತೋಟ ತಿರುಗಿದೆ.

ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬರಿದ್ದರು. ಊರಿನ ಹಳೆಯ ಮುಸ್ಲಿಂ ಮನೆತನ. ನಾನು ಅಕ್ಕ ಎನ್ನುತ್ತಿದ್ದೆ. ನನ್ನ ಬಲೆ ಹರಿದಾಗ ಹೊಲಿದುಕೊಟ್ಟವರು, ಅದು ಯಾತಕ್ಕೆಂದು ಕೇಳಿ ತಿಳಿದುಕೊಂಡರು. ಆಮೇಲೆ ತಾವೇ ಹಿತ್ತಲಿನ ತೆಂಗಿನ ಸಸಿಯಿಂದ ಆ ಚಿಟ್ಟೆಗಳ ಹಸಿರು ಹುಳುಗಳನ್ನು ತಂದು, ಗಾಜಿನ ಬಾಟಲಿಯಲ್ಲಿಟ್ಟು, ಬಾಯಿಗೆ ಲೈನಿಂಗ್ ಬಟ್ಟೆ ಕಟ್ಟಿ ಸಾಕತೊಡಗಿದರು.

ಒಂದು ಬೆಳಿಗ್ಗೆ ನಾನು ದಬ್ಬೇಘಟ್ಟದ ಬಸ್ಸಿಗೆ ಹೊರಟಿದ್ದಾಗ ಕೂಗಿ ಕರೆದರು. ಬಾಟಲಿಯೊಳಗೆ ಆಗಷ್ಟೇ ಗೂಡಿನಿಂದ ಬಂದ ಚಿಟ್ಟೆ. ಬಾಲ ಇದ್ದೂ ಇಲ್ಲದಂತೆ ಮೊಂಡಾಗಿತ್ತು.

ಬಾಗಿಲಲ್ಲೇ ನಿಂತು, "ರೆಕ್ಕೆ ಹರಿದಿದೆ ಅಕ್ಕ, ಇದು ಕೆಲಸಕ್ಕೆ ಬರಲ್ಲ" ಎಂದೆ.

"ಹರಿದಿಲ್ಲ ಕಣ್ರೀ. ಹರಿದ ಅಂಚು ಯಾವ್ದು, ಸರಿಯಾದ ಅಂಚು ಯಾವ್ದು ಅಂತ ನಂಗೆ ಗೊತ್ತಾಗಲ್ವಾ? ಹಿಂಗೇ ಬಂತು, ನೋಡ್ತಾ ಕೂತಿದ್ದೆ."

"ನೀವು ಟೈಲರ್ ಅಕ್ಕ, ಇದು ಬ್ಲೌಸಲ್ಲ" ಎಂದು ನಕ್ಕೆ. ಅಳತೆ ಕೊಡಲು ಬಂದಿದ್ದ ಇಬ್ಬರು ಹೆಂಗಸರೂ ನಕ್ಕರು. ಅಕ್ಕ ಬಾಟಲಿಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಚಿಟ್ಟೆಯನ್ನು ಹಾರಲು ಬಿಟ್ಟರು.

ಮರುವರ್ಷ ಡಿಎನ್‌ಎ ಫಲಿತಾಂಶ ಬಂತು. ಅವರ ಹಿತ್ತಲಲ್ಲೇ ನಾನು ಹಿಡಿದಿದ್ದ, ಬಾಲವಿದ್ದ ಒಂದು ಹೆಣ್ಣಿನಲ್ಲಿ ಇನ್ನೊಂದು ಜಾತಿಯ ಡಿಎನ್‌ಎ ಉದ್ದುದ್ದ ತುಂಡುಗಳಾಗಿ ಸಿಕ್ಕಿತು. ತುಂಡುಗಳು ಉದ್ದವಿದ್ದರೆ ಬೆರಕೆ ಇತ್ತೀಚಿನದು, ಕೆಲವೇ ತಲೆಮಾರಿನ ಹಿಂದಿನದು ಎಂದರ್ಥ.

"ಎರಡು ಜಾತಿಗಳ ನಡುವಿನ ರೂಪದ್ದು ಒಂದೂ ಕಾಣಲಿಲ್ಲವೇ?" ಎಂದು ನನ್ನ ಗೈಡ್ ಕೇಳಿದರು.

"ಇಲ್ಲ ಸಾರ್" ಎಂದುಬಿಟ್ಟೆ. ಡಿಎನ್‌ಎ ತೆಗೆಯಲು ಆ ಮೊಂಡು ಬಾಲದ ಚಿಟ್ಟೆಯ ಒಂದು ಕಾಲು ಇದ್ದಿದ್ದರೆ ಸಾಕಿತ್ತು. ಗೈಡಿಗೆ ನಿಜ ಹೇಳುವ ಧೈರ್ಯ ಬರಲು ತಿಂಗಳುಗಳೇ ಬೇಕಾದವು.

ತುರುವೇಕೆರೆಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ. "ತಪ್ಪಾಯ್ತು ಅಕ್ಕ. ನೀವು ಹೇಳಿದ್ದೇ ಸರಿ."

ಅವರು ಮಿಷನ್ ನಿಲ್ಲಿಸಿದರು. "ಆಮೇಲೂ ಅಂಥವೇ ಎರಡು ಬಂದಿದ್ವು ಸಾರ್. ನಿಮಗೆ ಹೇಳೋಕೆ ನಾಚ್ಕೆ ಆಯ್ತು. ಬುಟ್ಬುಟ್ಟೆ."

"ಮತ್ತೆ ಸಾಕ್ತೀರಾ?"

"ಇಲ್ಲ ಬುಡಿ. ಸಸಿ ಇದ್ದ ಜಾಗದಲ್ಲಿ ಈಗ ಬಚ್ಚಲು ಕಟ್ಟಿದೀವಿ."

ಆ ವರ್ಷ ಸುತ್ತಲ ತೋಟಗಳಲ್ಲೆಲ್ಲ ಹುಡುಕಿದೆ. ಅಂಥದ್ದೊಂದೂ ಸಿಗಲಿಲ್ಲ. ಬೆರಕೆ ಈಗಲೂ ನಡೆಯುತ್ತಿರಬಹುದು ಎಂಬ ಒಂದೇ ವಾಕ್ಯ ನನ್ನ ಪ್ರಬಂಧದಲ್ಲಿ ಉಳಿಯಿತು. ಕೃತಜ್ಞತೆಯ ಪುಟದಲ್ಲಿ ಅಕ್ಕನ ಹೆಸರು ಹಾಕಿ, ಪ್ರತಿ ಒಯ್ದು ಓದಿ ಹೇಳಿದೆ.

ಅವರು ಬೈಂಡಿನ ಮೇಲೆ ಕೈಯಾಡಿಸಿ, "ಹೆಸರೆಲ್ಲ ಯಾಕೆ ಸಾರ್? ಅವತ್ತು ಒಳಗೆ ಬಂದು ಒಂದ್ಸಲ ನೋಡಿದ್ರೆ ಆಗ್ತಿತ್ತು" ಎಂದರು.