ಕರೆಯಲು ಬರುವ ಅವ್ವಮ್ಮ

ಪುಣೆಯ ನಮ್ಮ ಕನ್ನಡದವರಿಗೆ ಒಂದು ಗುಣವಿದೆ. ಗುಣವೆಂದರೂ ಸೈ, ಜಂಬವೆಂದರೂ ಸೈ. ಎಂಥ ಗವಾಯಿ ಹಾಡಲಿ, ಎಂಥ ನಾಟಕ ಬರಲಿ, ಕರೆಯದ ಕಡೆಗೆ ಅವರು ಹೋಗುವುದಿಲ್ಲ. ಸುದ್ದಿ ಗೊತ್ತಿರುತ್ತದೆ, ತಾರೀಖು ಬಾಯಿಪಾಠವಾಗಿರುತ್ತದೆ. ಆದರೂ ಯಾರಾದರೂ ಹೊಸ್ತಿಲಿಗೆ ಬಂದು, ಹೆಣ್ಣುಮಕ್ಕಳಿಗೆ ಕುಂಕುಮ ಹಚ್ಚಿ, ಕೈಗೆ ನಾಲ್ಕು ಕಾಳು ಅಕ್ಷತೆ ಹಾಕಿ 'ಬರ್ರಿ' ಅನ್ನಬೇಕು. ಅಲ್ಲಿಯವರೆಗೆ ಕಾಲಿಗೆ ಚಪ್ಪಲಿ ಏರುವುದಿಲ್ಲ. ಹೋದ ಮೇಲಾದರೂ ಸುಮ್ಮನೆ ಇರುತ್ತಾರೆಯೇ? ಕರೆದವರನ್ನು ಹುಡುಕಿ, 'ಕರದಿದ್ದಿ, ಬಂದೀವಿ ನೋಡವ್ವ' ಎಂದು ಮುಖ ತೋರಿಸಿಯೇ ಮನೆಗೆ ತಿರುಗುತ್ತಾರೆ. ಕರೆದವರ ಮಾತು ಉಳಿಸಿದಂತೆ ಅದು.

ಶಿವಾಜಿನಗರ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿದ್ದ ಕನ್ನಡ ಬಳಗಕ್ಕೆ ಹದಿಮೂರು ವರ್ಷ ಹಾಗೆ ಮನೆಮನೆ ತಿರುಗಿ ಕರೆದವಳು ಅವ್ವಮ್ಮ.

ಗಂಡನ ಹೆಸರು ಅವ್ವಣ್ಣ, ಹೆಂಡತಿ ಅವ್ವಮ್ಮ. ಮದುವೆಯ ದಿನ ಮಂತ್ರ ಹೇಳುವ ಅಯ್ಯನವರೇ ನಕ್ಕಿದ್ದರಂತೆ. ಶಹಾಪುರದ ಕಡೆಯ ಊರಿನಿಂದ ಕಟ್ಟಡದ ಕೆಲಸಕ್ಕೆಂದು ಇಬ್ಬರೂ ಪುಣೆಗೆ ಬಂದಾಗ ಬಳಗದ ಸಭಾಂಗಣದ ಗೋಡೆ ಸೊಂಟದ ಮಟ್ಟಕ್ಕೆ ಎದ್ದಿತ್ತು. ಉಳಿದದ್ದಕ್ಕೆ ಇಟ್ಟಿಗೆ ಹೊತ್ತರು. ಕಟ್ಟಡ ಮುಗಿದ ದಿನ ಮಿಕ್ಕ ಕೂಲಿಗಳು ಗಂಟುಮೂಟೆ ಕಟ್ಟಿದರೆ, ಬಳಗದವರು ಇವರಿಬ್ಬರನ್ನು ಉಳಿಸಿಕೊಂಡರು. ಅವನು ಕಾವಲಿಗೆ, ಇವಳು ಕಸಬರಿಗೆಗೆ. ಹಿತ್ತಿಲಲ್ಲಿ ತಗಡಿನ ಪತ್ರಾ ಹೊದಿಸಿದ ಒಂದು ಖೋಲಿ ವಾಸಕ್ಕೆ ಸಿಕ್ಕಿತು. ತಾನು ಹೊತ್ತ ಗೋಡೆಯ ಒಳಗಿನ ನೆಲವನ್ನೇ ಗುಡಿಸುವ ಯೋಗ ಎಷ್ಟು ಜನಕ್ಕೆ ಇರುತ್ತದೆ ಎಂದು ಅವ್ವಮ್ಮ ಆಗಾಗ ಹೇಳುತ್ತಿದ್ದಳು, ನಿಜವಾಗಿಯೂ ಸಂತೋಷದಿಂದ.

ಕರೆಯುವ ಕೆಲಸ ಬಂದದ್ದು ತೊಂಬತ್ತೊಂದರಲ್ಲಿ. ಅದುವರೆಗೆ ಕರೆಯುತ್ತಿದ್ದವರು ಆಗಿನ ಕಾರ್ಯದರ್ಶಿ ಬಾಳಕೃಷ್ಣರಾಯರ ಹೆಂಡತಿ. ಅವರಿಗೆ ಕಾಲು ಮುರಿಯಿತು. ರಾಯರು ಹಿತ್ತಾಳೆಯ ಕುಂಕುಮದ ಡಬ್ಬಿ ತಂದು ಅವ್ವಮ್ಮನ ಕೈಗಿಟ್ಟು, ತಿಂಗಳಲ್ಲಿ ಏನೇನಿದೆಯೆಂದು ಒಂದೇ ಉಸಿರಿಗೆ ಹೇಳಿ ಬ್ಯಾಂಕಿಗೆ ಹೋದರು. ಅವ್ವಮ್ಮನಿಗೆ ಅಕ್ಷರ ಬಾರದು. ನಾಲ್ಕನೆಯ ಮನೆ ಮುಟ್ಟುವಷ್ಟರಲ್ಲಿ ಎಲ್ಲ ಕಲಸುಮೇಲೋಗರವಾಯಿತು. ಚಿತ್ರ ಪ್ರದರ್ಶನಕ್ಕೆ ತಬಲಾ ಬಾರಿಸುವವರು ಯಾರು ಎಂದು ಕೂಡ ಹೇಳಿ ಬಂದಳು. ಆ ಮನೆಯವರು ಬಿದ್ದು ಬಿದ್ದು ನಕ್ಕದ್ದು ಅವಳ ಬೆನ್ನಿಗೆ ಕೇಳಿಸಿತು.

ಐದನೆಯ ಮನೆ ಇಂದೂಬಾಯಿಯವರದು. ಧಾರವಾಡದವರು, ಮದುವೆಯಾಗದವರು, ಡೆಕ್ಕನ್ ಜಿಮಖಾನಾ ಕಡೆಯ ಹಳೆಯ ವಾಡೆಯೊಂದರ ಮಾಳಿಗೆಯಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತ ಬದುಕಿದವರು. ಹೊಸ್ತಿಲ ಹೊರಗೆ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದ ಹೆಂಗಸನ್ನು ನೋಡಿ ಅವರು ಮೊದಲು ಕೇಳಿದ್ದು, "ನಿನ್ನ ಹೆಸರೇನವ್ವ?"

ಪುಣೆಗೆ ಬಂದು ಮೂರು ವರ್ಷವಾಗಿತ್ತು. ಬುಟ್ಟಿ ಎಲ್ಲಿಡಬೇಕು ಎಂದು ತೋರಿಸಿದವರು ಬಹಳ ಜನ, ಹೆಸರು ಕೇಳಿದವರು ಇವರೇ. ಒಳಗೆ ಕರೆದು, ತಂಬೂರಿಯ ಪಕ್ಕದ ಜಮಖಾನೆಯ ಮೇಲೆ ಕೂಡಿಸಿ, ಚಹಾ ಕೊಟ್ಟು, ಅವಳ ಕೈ ತಮ್ಮ ಕೈಯಲ್ಲಿ ಹಿಡಿದರು.

"ನಾವು ತಾಳ ಎಣಸೂದು ಹಿಂಗ. ನಿನಗೂ ಇಷ್ಟ ಸಾಕು. ನಾಲ್ಕು ಬೆರಳು, ನಾಲ್ಕು ರವಿವಾರ. ಒಂದೊಂದು ಬೆರಳಿಗೆ ಮೂರು ಗೆರಿ ಅವ ನೋಡು. ಮೊದಲನೇ ಗೆರಿ, ಏನು. ಎರಡನೇದು, ಯಾರು. ಮೂರನೇದು, ಎಷ್ಟಕ್ಕ. ಹೆಬ್ಬೆರಳಲೆ ಮುಟ್ಟಿಗೋತ ಹೋಗು. ತಪ್ಪಂಗಿಲ್ಲ."

ತಪ್ಪಲಿಲ್ಲ. ಅಂದಿನಿಂದ ಮುಂದೆ ಹದಿಮೂರು ವರ್ಷ ಒಂದು ಸಲವೂ ತಪ್ಪಲಿಲ್ಲ. ಕಸ ಗುಡಿಸುವಾಗ ತಾಲೀಮು ಕಿವಿಗೆ ಬೀಳುತ್ತಿತ್ತು, ಚಿತ್ರಗಳ ಕಟ್ಟು ಬಿಚ್ಚುವಾಗ ಇವಳದೇ ಮೊದಲ ನೋಟ. ಹೀಗಾಗಿ ಕರೆಗೆ ಅವಳ ಸ್ವಂತ ಒಗ್ಗರಣೆಯೂ ಬೀಳತೊಡಗಿತು. ಹೆಬ್ಬೆರಳು ಕಿರುಬೆರಳ ಬುಡ ಮುಟ್ಟಿತೆಂದರೆ ಮನೆಯವರೆಲ್ಲ ಬಾಗಿಲಿಗೆ ಬರುತ್ತಿದ್ದರು.

"ಮೊದಲನೇ ಆಯಿತವಾರ ಹಾಡದರಿ. ಬೆಳಗಾವಿ ಕಡಿ ಹೆಣಮಗಳು, ಸಂಜಿ ಆರಕ್ಕ. ಎರಡನೇದು ನಾಟಕ, ನಮ್ಮ ಬಳಗದೋರೇ ಆಡ್ತಾರ, ಐದಕ್ಕ. ಅಳೂದು ಭಾಳ ಅದ, ದಸ್ತಿ ತಗೊಂಡ್ ಬರ್ರಿ. ಮೂರನೇದು ಚಿತ್ರ. ಕಲಬುರ್ಗಿ ಮಾಸ್ತರ್ರು ತಗದಾರ, ಮುಂಜಾನಿ ಹತ್ತರಿಂದ. ಒಂದು ಎಮ್ಮಿ ಚಿತ್ರ ಅದರಿ, ನಮ್ಮೂರ ಎಮ್ಮಿನೇ ಬಂದು ನಿಂತಂಗ ಅದ."

ಎಮ್ಮೆಯನ್ನು ನೋಡಲೆಂದೇ ಜನ ಬರುತ್ತಿದ್ದರು. ಬಂದವರು ಬಾಗಿಲ ಬಳಿಯ ಕಂಬಕ್ಕೆ ಒರಗಿ ನಿಂತ ಅವ್ವಮ್ಮನಿಗೆ ಮುಖ ತೋರಿಸಿ ಒಳಗೆ ಹೋಗುತ್ತಿದ್ದರು. ವಕೀಲರು, ಡಾಕ್ಟರರು, ಪ್ರೊಫೆಸರರು, ಎಲ್ಲರೂ. "ಅವ್ವಮ್ಮ, ಬಂದೀವಿ ನೋಡು." ಅವಳು ಡಬ್ಬಿ ಹಿಡಿದ ಕೈಯನ್ನು ಎದೆಗೆ ಒತ್ತಿ ತಲೆಯಾಡಿಸುತ್ತಿದ್ದಳು. ನೂರಿಪ್ಪತ್ತು ಮನೆಗಳಲ್ಲಿ ತನ್ನ ಹೆಸರು ಗೊತ್ತಿದೆ ಎಂಬುದು ಅವಳ ಪಾಲಿಗೆ ದೊಡ್ಡ ಆಸ್ತಿ.

ಎರಡು ಸಾವಿರದ ನಾಲ್ಕರಲ್ಲಿ ವಿಕ್ರಮ ಕಾರ್ಯದರ್ಶಿಯಾದ. ಬೆಂಗಳೂರಿನವನು, ಹಿಂಜವಾಡಿಯ ಕಂಪನಿಯಲ್ಲಿ ಕೆಲಸ, ಬಳಗಕ್ಕೆ ತೀರ ಹೊಸಬ. ಕೆಟ್ಟವನೆಂದು ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳುತ್ತದೆ. ಅವ್ವಮ್ಮ ಮಂಡಿ ಹಿಡಿದುಕೊಂಡು ಮೆಟ್ಟಿಲೇರುವುದನ್ನು ನೋಡಿ ಮರುಗಿದವನು ಅವನೊಬ್ಬನೇ.

"ಅವ್ವಮ್ಮ, ಇನ್ಮೇಲೆ ನೀವು ಇಷ್ಟೆಲ್ಲ ಓಡಾಡ್ಬೇಡಿ. ನಾನು ತಿಂಗಳ ಪ್ರೋಗ್ರಾಂ ಲಿಸ್ಟ್ ಎಲ್ಲರಿಗೂ ಈಮೇಲ್ ಮಾಡ್ತೀನಿ. ಒಂದೇ ನಿಮಿಷದ ಕೆಲಸ," ಎಂದ.

ಒಂದೇ ನಿಮಿಷದ ಕೆಲಸ. ಅವ್ವಮ್ಮ ಹೂಂ ಎಂದು ಬಂದು ಡಬ್ಬಿಯನ್ನು ದೇವರ ಗೂಡಿನಲ್ಲಿಟ್ಟಳು. ಅವನು ಅದನ್ನು ಮರಳಿ ಕೇಳಲಿಲ್ಲ, ಅಂಥದೊಂದು ಡಬ್ಬಿ ಇದೆಯೆಂಬುದೂ ಅವನಿಗೆ ಗೊತ್ತಿರಲಿಲ್ಲ.

ನವೆಂಬರಿನಲ್ಲಿ ಚಿತ್ರ ಪ್ರದರ್ಶನವಾಯಿತು. ಚಿತ್ರಕಾರರು ಬೆಳಗಿನಿಂದ ಸಂಜೆಯವರೆಗೆ ಬಾಗಿಲು ನೋಡುತ್ತ ಕೂತರು. ಬಂದವರು ಹನ್ನೊಂದು ಜನ, ಅದರಲ್ಲಿ ಇಬ್ಬರು ಸ್ಟೇಷನ್ನಿಗೆ ದಾರಿ ಕೇಳಲು ಬಂದವರು. ಮರುದಿನ ಕಾಯಿಪಲ್ಲೆ ಮಂಡಿಯಲ್ಲಿ ವಕೀಲರ ಸೊಸೆ ಆರತಿ ಸಿಕ್ಕಾಗ ಅವ್ವಮ್ಮ ಕೇಳಿಯೇಬಿಟ್ಟಳು.

"ಯಾಕ್ರೀ ಬಾಯಾರ, ನಿನ್ನೆ ಯಾರೂ ಬರಲಿಲ್ಲ?"

"ನೀ ಎಲ್ಲೆ ಕರದಿ?"

"ಕಂಪ್ಯೂಟರಿನ್ಯಾಗ ಬಂದಿತ್ತಲ್ಲರಿ?"

"ಬಂದಿತ್ತು, ಓದಿದ್ವಿ. ಮಾವನವರು ಎರಡು ಸಲ ಓದಿಸಿ ಕೇಳಿದ್ರು. ಆಮ್ಯಾಲೆ, ಅವ್ವಮ್ಮ ಕರೀಲಿಕ್ಕೆ ಬರಲಿ, ಹೋಗೂಣಂತ ಅಂತ ಕೂತ್ವಿ. ನೀ ಬರಲೇ ಇಲ್ಲ."

ನೂರಿಪ್ಪತ್ತು ಮನೆಯವರೂ ಹಾಗೆಯೇ ಕೂತಿದ್ದರು, ಅಂಗಿ ಇಸ್ತ್ರಿ ಮಾಡಿಸಿಟ್ಟುಕೊಂಡು. ಇಂಥ ಜನಕ್ಕೆ ಏನನ್ನಬೇಕೋ ನನಗಂತೂ ತಿಳಿಯದು.

ಡಿಸೆಂಬರಿನ ಮೂರನೆಯ ರವಿವಾರ ಇಂದೂಬಾಯಿಯವರ ಹಾಡು ಇತ್ತು. ಅವರಿಗೆ ಎಪ್ಪತ್ತೆರಡು. ಎರಡು ವರ್ಷ ಗಂಟಲು ಬೇನೆಯಿಂದ ಹಾಡು ಬಿಟ್ಟಿದ್ದರು. ಶಿಷ್ಯೆ ವರದಾ ಕಾಡಿ ಬೇಡಿ ಒಪ್ಪಿಸಿದ್ದಳು. ಅದರ ಹಿಂದಿನ ಗುರುವಾರ ಬೆಳಿಗ್ಗೆ ಅವ್ವಮ್ಮ ಹೋದಾಗ ತಂಬೂರಿಗೆ ಗವಸು ಹಾಕಿತ್ತು.

"ಚಿತ್ರದವರ ಸುದ್ದಿ ಕೇಳಿದೆ," ಎಂದರು ಇಂದೂಬಾಯಿ. "ಖಾಲಿ ಕುರ್ಚಿಗೆ ಹಾಡೂ ಶಕ್ತಿ ನನಗ ಉಳದಿಲ್ಲ ಅವ್ವಮ್ಮ. ಜನ ಬರದಿದ್ರ ಮತ್ತ ಈ ಜನ್ಮದಾಗ ಹಾಡಂಗಿಲ್ಲ. ಬ್ಯಾಡ ಅಂತ ವಿಕ್ರಮಗ ಹೇಳಿಬಿಡು."

"ಹಂಗ ಅನಬ್ಯಾಡ್ರಿ ಅಕ್ಕಾರ."

"ನೀ ಒಬ್ಬಾಕಿ ಮುಂದ ಕೂತಿದ್ರೂ ನಾ ಹಾಡ್ತಿದ್ದೆ. ನೀ ಎಂದೂ ಕೂಡಾಕಿ ಅಲ್ಲ, ಆ ಕಂಬ ಬಿಡಂಗಿಲ್ಲ."

ಅವ್ವಮ್ಮ ನಕ್ಕಳು. "ಕರಿಯಾಕಿಗಿ ಯಾರ್ ಕರೀತಾರ್ರಿ? ಕರೀದ ಕುರ್ಚಿ ಮ್ಯಾಲ ಹ್ಯಾಂಗ ಕೂಡ್ಲಿ?"

ಇಂದೂಬಾಯಿ ನಗಲಿಲ್ಲ.

ಅವ್ವಮ್ಮ ಮನೆಗೆ ಬಂದವಳೇ ಡಬ್ಬಿ ಕೆಳಗಿಳಿಸಿ ಅಕ್ಕಿಗೆ ಅರಿಷಿಣ ಕಲಸತೊಡಗಿದಳು. ಅವ್ವಣ್ಣ ಬಾಗಿಲಿಗೆ ಅಡ್ಡ ನಿಂತ. "ಸಾಹೇಬ್ರು ಬ್ಯಾಡ ಅಂದಾರ. ಮಾತ್ ಮೀರಿದಿ ಅಂತ ಖೋಲಿ ಬಿಡಿಸಿದ್ರ ಎಲ್ಲಿಗಿ ಹೋಗೂದು?"

"ಖೋಲಿ ಕೊಟ್ಟಿದ್ದು ಬಳಗ. ಹೆಸರ್ ಕೇಳಿದ್ದು ಅಕ್ಕಾರು," ಎಂದಳು ಅವ್ವಮ್ಮ. ಅವ್ವಣ್ಣ ಬಾಗಿಲು ಬಿಟ್ಟು ಸರಿದು, ಮಂಡಿಗೆ ಹಚ್ಚುವ ಎಣ್ಣೆ ತಂದುಕೊಟ್ಟ.

ಗುರುವಾರ, ಶುಕ್ರವಾರ ಊರೊಳಗಿನ ಮನೆಗಳು. ಶುಕ್ರವಾರ ಮಧ್ಯಾಹ್ನ ಲೋಕಲ್ ರೈಲು ಹತ್ತಿ ತಳೇಗಾಂವಕ್ಕೂ ಹೋದಳು. ಅಲ್ಲಿಯ ಕಾರ್ಖಾನೆಯ ಕಾಲನಿಯಲ್ಲಿ ಬಳಗದ ಎಂಟು ಮನೆಗಳು. ಈ ಸಲ ಬೆರಳು ಒಂದೇ, ಗೆರೆ ಮೂರೇ. "ಹಾಡದರಿ. ಹಾಡೋರು ನಮ್ಮ ಇಂದೂ ಅಕ್ಕಾರು. ಆಯಿತವಾರ ಸಂಜಿ ಆರಕ್ಕ. ಎರಡು ವರ್ಷದ ಮ್ಯಾಲ ಹಾಡ್ಲಾಕತ್ಯಾರ, ನೀವು ಬರಲಿಲ್ಲಂದ್ರ ಅದೇ ಕಡೀದು." ಮಂಡಿ ತಡೆಯದ ಕಡೆ ಕೆಳಗಿನ ಮನೆಯವರ ಕೈಗೇ ಕುಂಕುಮ ಕೊಟ್ಟು, "ಮ್ಯಾಲಿನ ಮನಿಯೋರಿಗಿ ನನ್ನ ಪರವಾಗಿ ನೀವೇ ಕರೀರಿ ತಾಯಿ," ಎಂದಳು. ಬೇಡವೆಂದವರು ಒಬ್ಬರೂ ಇಲ್ಲ. ಚಹಾ ಕೊಟ್ಟವರು ಎಷ್ಟೋ ಜನ, ಕಾಲು ಚಾಚಿ ಕೂತುಕೋ ಎಂದವರು ಎಷ್ಟೋ ಜನ. ಇಷ್ಟು ದಿನ ಎಲ್ಲಿ ಹೋಗಿದ್ದೆ ಎಂದು ಬೈದವರೂ ಇದ್ದರು. ಆ ಬೈಗುಳ ಕೇಳಿ ಅವ್ವಮ್ಮನ ಹೊಟ್ಟೆ ತಣ್ಣಗಾಯಿತು.

ಶನಿವಾರ ಬೆಳಿಗ್ಗೆ ಹಿಂಜವಾಡಿ. ಬಸ್ಸಿನಿಂದಿಳಿದು ಮೊದಲು ಹೋದದ್ದು ವಿಕ್ರಮನ ಫ್ಲ್ಯಾಟಿಗೆ. ಚಡ್ಡಿಯಲ್ಲೇ ಬಾಗಿಲು ತೆರೆದ ಕಾರ್ಯದರ್ಶಿಗೆ ಅಕ್ಷತೆ ಕೊಟ್ಟು, ಒಳಗಿಂದ ಬಂದ ಅವನ ಹೆಂಡತಿಗೆ ಕುಂಕುಮ ಹಚ್ಚಿ, ಬೆರಳ ಮೂರು ಗೆರೆಯನ್ನೂ ಕ್ರಮವಾಗಿ ಹೇಳಿದಳು.

ವಿಕ್ರಮನ ಮುಖ ಸಣ್ಣದಾಯಿತು. "ಅವ್ವಮ್ಮ, ಇದನ್ನ ಎಲ್ರಿಗೂ ಮೇಲ್ ಮಾಡಿದ್ದೇ ನಾನಲ್ವಾ?"

"ಹೌದ್ರಿ ಸಾಹೇಬ್ರ. ಎಲ್ಲರಿಗೂ ತಿಳಿಸೀರಿ. ಆದ್ರ ನಿಮಗ ಯಾರ್ ಕರದಾರ?"

ಅವನ ಹೆಂಡತಿ ಹಣೆಯ ಕುಂಕುಮ ಮುಟ್ಟಿ ನೋಡಿಕೊಳ್ಳುತ್ತ ಹೇಳಿದಳು, "ಪುಣೆಗೆ ಬಂದು ಎರಡು ವರ್ಷ ಆಯ್ತು ರೀ. ಈ ಮನೆ ಬಾಗಿಲಿಗೆ ಬಂದು ನಮ್ಮನ್ನ ಕರೆದವರು ಇವರೇ ಮೊದಲು."

ವಿಕ್ರಮ ಒಳಗೆ ಹೋಗಿ ಪ್ಯಾಂಟು ಹಾಕಿಕೊಂಡು, ಕಾರಿನ ಕೀಲಿ ಹಿಡಿದು ಬಂದ. ಹಿಂಜವಾಡಿಯ ಉಳಿದ ಹದಿನಾಲ್ಕು ಮನೆಗಳಿಗೂ ಅವನೇ ಕರೆದೊಯ್ದ. ಕೊನೆಯ ಎರಡು ಮನೆಗಳಲ್ಲಿ ಆ ಹಿತ್ತಾಳೆಯ ಡಬ್ಬಿ ಅವನ ಕೈಯಲ್ಲಿತ್ತು.

ಉಳಿದ ನಾಲ್ಕಾರು ಮನೆ ಮುಗಿಸಿ ಅವ್ವಮ್ಮ ಖೋಲಿಗೆ ಬಂದಾಗ ರವಿವಾರ ಸಂಜೆ ಐದು. ನಲ್ಲಿಯ ಕೆಳಗೆ ಊದಿದ ಕಾಲು ತೊಳೆಯುತ್ತಿದ್ದಳು. ಹಿತ್ತಿಲ ಬಾಗಿಲಲ್ಲಿ ಸಪ್ಪಳವಾಯಿತು. ವರದಾಳ ಕೈ ಹಿಡಿದು ಇಂದೂಬಾಯಿ ನಿಂತಿದ್ದರು, ಹಾಡಿಗೆ ಉಟ್ಟ ಇಳಕಲ್ಲ ಸೀರೆಯಲ್ಲಿ. ಅವ್ವಮ್ಮ ಮನೆಮನೆ ತಿರುಗಿ ಕರೆದ ಸುದ್ದಿ ಅವರಿಗೂ ಮುಟ್ಟಿತ್ತು. ಇಷ್ಟು ವರ್ಷದಲ್ಲಿ ಬಳಗದ ಯಾರೂ ಆ ಖೋಲಿಯ ಹೊಸ್ತಿಲಿಗೆ ಬಂದಿರಲಿಲ್ಲ.

"ಅಕ್ಕಾರ, ಇಲ್ಲಿಗಿ ಯಾಕ್ ಬಂದ್ರಿ? ಕೆಸರದ," ಎಂದು ಅವ್ವಮ್ಮ ಗಡಬಡಿಸಿ ಎದ್ದಳು.

ಇಂದೂಬಾಯಿ ಸೆರಗಿನೊಳಗಿಂದ ಸಣ್ಣ ಬೆಳ್ಳಿ ಬಟ್ಟಲು ತೆಗೆದು ಅವ್ವಮ್ಮನ ಹಣೆಗೆ ಕುಂಕುಮ ಹಚ್ಚಿದರು. ಒದ್ದೆ ಕೈಯನ್ನು ತಾವೇ ಹಿಡಿದು ಬಿಡಿಸಿ ನಾಲ್ಕು ಕಾಳು ಅಕ್ಷತೆ ಹಾಕಿದರು. ಆಮೇಲೆ ತಮ್ಮ ಹೆಬ್ಬೆರಳನ್ನು ನಡುಬೆರಳ ಮೊದಲ ಗೆರೆಗೆ ತಂದರು.

"ಮೂರನೇ ರವಿವಾರ ಹಾಡದ. ಹಾಡಾಕಿ ಇಂದೂ. ಸಂಜಿ ಆರು ಗಂಟೆಕ್ಕ. ಅವ್ವಮ್ಮನವರು ಬರಬೇಕು. ಯಜಮಾನರನ್ನ ಕರಕೊಂಡು ಬರಬೇಕು. ಮುಂದ ಕೂಡಬೇಕು."

ಕರೆಸಿಕೊಂಡವರು ಏನು ಹೇಳುತ್ತಾರೆಂದು ಅವ್ವಮ್ಮ ನೂರಿಪ್ಪತ್ತು ಮನೆಗಳಲ್ಲಿ ಕೇಳಿದ್ದಳು. ಈಗ ಒಂದೂ ನೆನಪಾಗಲೊಲ್ಲದು. ಅಕ್ಷತೆಯ ಮುಷ್ಟಿ ಬಿಗಿ ಹಿಡಿದು ಅತ್ತಳು. ಕೊನೆಗೆ "ಬರ್ತೀವಿ ಅನ್ನು," ಎಂದು ಅವ್ವಣ್ಣನೇ ಹಿಂದಿನಿಂದ ಹೇಳಿಕೊಟ್ಟ.

ಆರಕ್ಕೆ ಐದು ನಿಮಿಷವಿದ್ದಾಗ ಸಭಾಂಗಣದಲ್ಲಿ ಕುರ್ಚಿ ಸಾಲದೆ ಜಮಖಾನೆ ಹಾಸಿದರು. ಬಂದವರೆಲ್ಲ ಅಭ್ಯಾಸದಂತೆ ಕಂಬದ ಕಡೆ ನೋಡಿ, ಅಲ್ಲಿ ಯಾರೂ ಇಲ್ಲದ್ದಕ್ಕೆ ಗಾಬರಿಯಾಗಿ, ಹುಡುಕುತ್ತ ಮುಂದಿನ ಸಾಲಿಗೆ ಬಂದರು. ಅಲ್ಲಿ ಹಸಿರು ಸೀರೆಯುಟ್ಟು, ಗಂಡನ ಪಕ್ಕ, ಕುರ್ಚಿಯ ತುದಿಯಲ್ಲಿ ಅವ್ವಮ್ಮ ಕೂತಿದ್ದಳು. ವಕೀಲರು, ಆರತಿ, ತಳೇಗಾಂವದವರು, ಹಿಂಜವಾಡಿಯವರು, ಒಬ್ಬೊಬ್ಬರಾಗಿ ಮುಖ ತೋರಿಸಿ ಹೋದರು. ಹಾಡು ಹೇಗಿತ್ತೆಂದು ಹೇಳುವಷ್ಟು ಸಂಗೀತ ನನಗೆ ಬಾರದು. ಮೇಲಿನ ಸ್ವರದಲ್ಲಿ ಒಂದೆರಡು ಕಡೆ ದನಿ ಒಡೆಯಿತು. ಯಾರೂ ಮಿಸುಕಲಿಲ್ಲ. ಮುಗಿದಾಗ ಎಲ್ಲರೂ ಎದ್ದು ನಿಂತಿದ್ದರು.

ಜನ ಇಂದೂಬಾಯಿಯವರನ್ನು ಮುತ್ತಿಕೊಂಡರು. ಅವ್ವಮ್ಮ ತನ್ನ ಸರದಿಗೆ ಕಾದಳು. ಗದ್ದಲ ಕರಗಿದ ಮೇಲೆ ಸೀರೆಯ ಸೆರಗು ಸರಿಮಾಡಿಕೊಂಡು, ಮಂಡಿ ಹಿಡಿದು ವೇದಿಕೆಯ ಎರಡು ಮೆಟ್ಟಿಲು ಹತ್ತಿ, ಇಂದೂಬಾಯಿಯವರ ಎದುರು ನಿಂತಳು.

"ಅಕ್ಕಾರ, ಕರದಿದ್ರಿ," ಎಂದಳು. "ಬಂದೀವಿ ನೋಡ್ರಿ."